ಮ್ಯಾಂಡೊಲಿನ್ ಸ್ಲೈಸರ್ ಕೈಕೊಟ್ಟರೆ: ಬ್ಲೇಡ್ ಬಿಚ್ಚುವ ಮೊದಲು ಬಿಲ್ಲೆ ನೋಡಿ

ಒಳ್ಳೆ ದುಡ್ಡು ಕೊಟ್ಟು ತಂದ ಮ್ಯಾಂಡೊಲಿನ್ ಸ್ಲೈಸರ್ (ತರಕಾರಿಯನ್ನು ಬ್ಲೇಡಿನ ಮೇಲೆ ತಳ್ಳಿ ತೆಳು ಬಿಲ್ಲೆ ಮಾಡುವ ಸಾಧನ) ಸರಿಯಾಗಿ ಹೆಚ್ಚುತ್ತಿಲ್ಲ ಅಂತ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗೇ ಹೇಳಿ, ಬರುವ ಉತ್ತರ ಒಂದೇ: "ಬ್ಲೇಡ್ ಮೊಂಡ ಆಗೇತ್ರೀ, ಸಾಣಿ ಹಿಡಸ್ರಿ." ಬಹಳ ಸಲ ಬ್ಲೇಡಿನದು ತಪ್ಪೇ ಇರುವುದಿಲ್ಲ. ಹಲಗೆ ಓರೆಯಾಗಿರುತ್ತದೆ. ಸ್ಕ್ರೂ ಸಡಿಲವಾಗಿರುತ್ತದೆ. ಹೋದ ವಾರದ ಬಟಾಟೆ ಪಿಷ್ಟ ಒಣಗಿ ಸಂದಿಯಲ್ಲಿ ಕೂತಿರುತ್ತದೆ. ಇಲ್ಲವೇ ಕೈ ಬೇಕಾದ್ದಕ್ಕಿಂತ ಜಾಸ್ತಿ ಒತ್ತುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಸಾಣೆಗೆ ಕೊಟ್ಟರೆ ಚೆನ್ನಾಗಿದ್ದ ಬ್ಲೇಡ್ ಹಾಳಾಗುತ್ತದೆ, ಮೂಲ ದೋಷ ಮಾತ್ರ ಹಾಗೇ ಉಳಿಯುತ್ತದೆ.

ಹಾಗಾಗಿ ಇಲ್ಲಿ ಬ್ಲೇಡನ್ನು ಕೊನೆಗೆ ಇಟ್ಟಿದ್ದೇನೆ. ಮೊದಲು ನೋಡಬೇಕಾದ್ದು ಬಿಲ್ಲೆಯನ್ನು. ಅದರಲ್ಲಿ ಯಾವ ಕಡೆ ದಪ್ಪ, ಎಲ್ಲಿ ಗೆರೆ, ಎಲ್ಲಿ ಹರಿದಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ

ಬಡಗಿಯ ರಂದವನ್ನು ಬೋರಲು ಹಾಕಿ ಅದರ ಮೇಲೆ ಕಟ್ಟಿಗೆ ತಳ್ಳಿದರೆ ಹೇಗೋ, ಮ್ಯಾಂಡೊಲಿನ್ ಹಾಗೆ. ಎರಡು ಹಲಗೆ, ನಡುವೆ ಬ್ಲೇಡ್. ತರಕಾರಿ ಮೊದಲು ಕೂರುವುದನ್ನು ಈಚೆ ಹಲಗೆ ಅನ್ನೋಣ, ಬ್ಲೇಡ್ ದಾಟಿದ ಮೇಲೆ ಸಿಗುವುದನ್ನು ಆಚೆ ಹಲಗೆ ಅನ್ನೋಣ. ಆಚೆ ಹಲಗೆ ಅಲುಗಾಡುವುದಿಲ್ಲ. ಬ್ಲೇಡಿನ ಅಂಚು ಅದರ ಮಟ್ಟಕ್ಕೇ ಇರಬೇಕು. ಈಚೆ ಹಲಗೆ ಗುಂಡಿ ತಿರುಗಿಸಿದಂತೆ ಮೇಲೆ ಕೆಳಗೆ ಆಗುತ್ತದೆ. ಬ್ಲೇಡಿನ ಅಂಚಿಗಿಂತ ಅದು ಎಷ್ಟು ಕೆಳಗಿದೆಯೋ ಬಿಲ್ಲೆ ಅಷ್ಟು ದಪ್ಪ. ಇಷ್ಟೇ ವಿದ್ಯೆ.

ಇದರಲ್ಲಿ ಮೂರು ಜಾತಿ ಹೆಚ್ಚಾಗಿ ಕಾಣುತ್ತವೆ. ಕಾಲು ಮಡಚಿ ನಿಲ್ಲಿಸುವ ಭಾರದ ಸ್ಟೀಲ್ ಮಾದರಿ ಫ್ರಾನ್ಸಿನದು, ಡಿ ಬುಯರ್ ಮತ್ತು ಬ್ರಾನ್ ಕಂಪನಿಗಳು ಮಾಡುವಂಥದ್ದು. ಪ್ಲಾಸ್ಟಿಕ್ ಮೈ, ಒಂದೇ ಅಡ್ಡ ಬ್ಲೇಡ್ ಇರುವ ಹಗುರ ಮಾದರಿ ಜಪಾನಿನ ಬೆನ್‌ರೈನರ್. ಎರಡು ಬ್ಲೇಡ್ ನಡುವೆ ಸೇರಿ ವಿ ಆಕಾರ ಆಗುವುದು ಜರ್ಮನಿಯ ಬೋರ್ನರ್. ವಿ ಮಾದರಿಯಲ್ಲಿ ದಪ್ಪ ಬದಲಿಸಲು ಸಾಮಾನ್ಯವಾಗಿ ಬೇರೆ ತುಂಡು ತೂರಿಸುತ್ತೇವೆ. ದೋಷ ಹುಡುಕುವ ದಾರಿ ಮೂರಕ್ಕೂ ಒಂದೇ. ವ್ಯತ್ಯಾಸ ಬಂದಲ್ಲಿ ಹೇಳುತ್ತೇನೆ.

ಪರೀಕ್ಷೆಗೆ ಕೂರುವ ಮೊದಲು

ಪರೀಕ್ಷೆ ಮಾಡುವಾಗ ಕೈ ಗಾರ್ಡ್, ಅಂದರೆ ತರಕಾರಿಗೆ ಮುಳ್ಳು ಚುಚ್ಚಿ ಹಿಡಿಯುವ ಹಿಡಿಕೆ, ಬೇಕೇ ಬೇಕು. ದಿನಾ ಹೆಚ್ಚುವಾಗಿನದಕ್ಕಿಂತ ಆಗಲೇ ಅಪಾಯ ಜಾಸ್ತಿ, ಏಕೆಂದರೆ ಕಣ್ಣು ಬಿಲ್ಲೆಯ ಮೇಲಿರುತ್ತದೆ, ಬೆರಳಿನ ಮೇಲಲ್ಲ. ಕಟ್ ಆಗದ ಕೈಗವಸು ಇದ್ದರೆ ಇನ್ನೂ ಒಳ್ಳೆಯದು. ಅದು ಬ್ಲೇಡಿನ ಉಜ್ಜುವ ಏಟನ್ನು ತಡೆಯುತ್ತದೆ, ತರಕಾರಿ ಎಳೆ ಮಾಡುವ ಹಲ್ಲಿನ ಪಟ್ಟಿಯ ಚೂಪು ಮೊನೆ ಚುಚ್ಚುವುದನ್ನು ತಡೆಯುವುದಿಲ್ಲ. ಇದು ನೆನಪಿರಲಿ. ಬ್ಲೇಡ್ ಹರಿತ ಇದೆಯೋ ಇಲ್ಲವೋ ಎಂದು ಬೆರಳು ಸವರಿ ನೋಡುವ ಚಟ ಇರುವವರು ಅದನ್ನು ಈಳಿಗೆಗೆ ಇಟ್ಟುಕೊಳ್ಳಲಿ. ಈಳಿಗೆಗೂ ಬೇಡ, ಆದರೆ ಹೇಳಿದರೆ ನಮ್ಮ ಮನೆಯ ಹಿರಿಯರು ಕೇಳುವುದಿಲ್ಲ.

ಸ್ಲೈಸರನ್ನು ಒಮ್ಮೆ ಚೆನ್ನಾಗಿ ತೊಳೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹಲಗೆಯ ಅಡಿಯ ಸಂದು, ಗುಂಡಿಯ ಸುತ್ತ, ಬ್ಲೇಡಿನ ಕೆಳಗೆ ಉಜ್ಜಿ. ಬ್ರಷ್ ಯಾವತ್ತೂ ಬ್ಲೇಡಿನ ಬೆನ್ನಿನಿಂದ ಅಂಚಿನ ಕಡೆಗೆ ಹೋಗಬೇಕು. ಒಣಗಿದ ಪಿಷ್ಟ ಕಲ್ಲಿನಂತಾಗಿದ್ದರೆ ಬಿಸಿನೀರು ಹಾಕಿ ಸ್ವಲ್ಪ ಹೊತ್ತು ಬಿಡಿ. ಎಷ್ಟೋ ದೋಷ ಇಲ್ಲಿಗೇ ಮುಗಿದುಬಿಡುತ್ತದೆ. ಆಗ ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಇನ್ನು ಪರೀಕ್ಷೆಗೆ ಬಟಾಟೆ ತೆಗೆದುಕೊಳ್ಳಿ. ಗಟ್ಟಿ, ದೊಡ್ಡದು, ಮೆತ್ತಗಾಗದೇ ಇರುವುದು. ಟೊಮ್ಯಾಟೊ, ಬದನೆ ಪರೀಕ್ಷೆಗೆ ಬೇಡ. ಬಟಾಟೆಯ ಒಂದು ತುದಿ ಚಪ್ಪಟೆಯಾಗಿ ಕತ್ತರಿಸಿ. ಪಕ್ಕದಲ್ಲಿ ಚಾಕುವಿನಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಕಚ್ಚು ಹಾಕಿ. ಎಲ್ಲಾ ಬಿಲ್ಲೆಗೂ ಆ ಗುರುತು ಬರುತ್ತದೆ. ಆ ಗುರುತು ಎಡಕ್ಕೆ ಇರುವಂತೆ ಐದು ಬಿಲ್ಲೆ ಹೆಚ್ಚಿ. ಆಮೇಲೆ ಬಟಾಟೆ ಅರ್ಧ ಸುತ್ತು ತಿರುಗಿಸಿ, ಗುರುತು ಬಲಕ್ಕೆ ಬರುವಂತೆ ಇನ್ನೈದು ಹೆಚ್ಚಿ. ಎರಡು ಗುಂಪು ಬೇರೆ ಬೇರೆ ಇಡಿ.

ಈ ಹತ್ತು ಬಿಲ್ಲೆಗಳಲ್ಲಿ ಹೆಚ್ಚುಕಡಿಮೆ ಎಲ್ಲಾ ವಿಷಯ ಇದೆ. ಬಟಾಟೆ ತಿರುಗಿಸಿದರೂ ದೋಷ ಸ್ಲೈಸರಿನ ಅದೇ ಬದಿಯಲ್ಲಿ ಉಳಿದರೆ ತಪ್ಪು ಸ್ಲೈಸರಿನದು. ದೋಷ ಕಚ್ಚಿನ ಜೊತೆಗೇ ತಿರುಗಿದರೆ ತಪ್ಪು ತರಕಾರಿಯದು. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಬಂದರೆ ತಪ್ಪು ಕೈಯದು.

ಬಿಲ್ಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು

ಅತಿ ಹೆಚ್ಚು ಬರುವ ದೂರು ಇದೇ. ಗದಗದ ನಮ್ಮ ವೈನಿ ಇದಕ್ಕಾಗಿಯೇ ಫೋನ್ ಮಾಡಿದ್ದರು. ಬಿಲ್ಲೆಯ ಫೋಟೋ ಕಳಿಸಿ ಅಂದೆ. "ಬಿಲ್ಲಿದ ಫೋಟೋ ಯಾಕೋ? ಬ್ಲೇಡಿಂದ ಕಳಸ್ತೀನಿ ತಡಿ" ಅಂದರು. ಕೊನೆಗೆ ಬಿಲ್ಲೆಯ ಫೋಟೋ ಬಂತು. ಎಲ್ಲದರಲ್ಲೂ ಬಲಗಡೆ ತೆಳು. ಬಟಾಟೆ ತಿರುಗಿಸಿದರೂ ಬಲಗಡೆಯೇ ತೆಳು. ಈಚೆ ಹಲಗೆಯನ್ನು ಪೂರ್ತಿ ಕೆಳಗಿಳಿಸಿ ಅಡಿಯಲ್ಲಿ ಟಾರ್ಚ್ ಹಿಡಿದು ನೋಡ್ರಿ ಅಂದೆ. ಬಲಗಡೆಯ ಗಾಡಿಯಲ್ಲಿ, ಅಂದರೆ ಹಲಗೆ ಜಾರುವ ಸಂದಿನಲ್ಲಿ, ಗಜ್ಜರಿ ಸಿಪ್ಪೆ ಮತ್ತು ಪಿಷ್ಟ ಸೇರಿ ಒಂದು ಗಡ್ಡೆ. ಅದು ಆ ಬದಿಯ ಹಲಗೆಯನ್ನು ಕೂದಲಿನಷ್ಟು ಮೇಲೆ ಎತ್ತಿತ್ತು. ಹಲಗೆ ಎಲ್ಲಿ ಮೇಲೆ ಇದೆಯೋ ಅಲ್ಲಿ ಬಿಲ್ಲೆ ತೆಳು. ಟೂತ್‌ಪಿಕ್ಕಿನಿಂದ ತೆಗೆದರೆ ಕೆಲಸ ಮುಗಿಯಿತು.

ತೊಳೆದ ಮೇಲೂ ಓರೆ ಉಳಿದರೆ ಅಳತೆ ಮಾಡಿ. ಅದಕ್ಕೆ ವಿಶೇಷ ಸಾಧನ ಬೇಡ. ಅವಧಿ ಮುಗಿದ ಒಂದು ಎಟಿಎಂ ಕಾರ್ಡ್ ಸಾಕು. ಪ್ಲಾಸ್ಟಿಕ್ ಬ್ಯಾಂಕ್ ಕಾರ್ಡಿನ ದಪ್ಪ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, 0.76 ಮಿಲಿಮೀಟರ್. ಉಬ್ಬಿದ ಅಂಕಿ ಇಲ್ಲದ ಭಾಗ ಬಳಸಿ. ಕಾರ್ಡಿನ ಹಿಂದಿನ ತುದಿ ಹಿಡಿದು, ಈಚೆ ಹಲಗೆಯ ಮೇಲೆ ಮಲಗಿಸಿ, ಬ್ಲೇಡಿನ ಎಡ ಮೂಲೆಯ ಕಡೆ ಮೆಲ್ಲಗೆ ಸರಿಸಿ. ಬ್ಲೇಡಿನ ಅಂಚಿನ ಕೆಳಗೆ ಕಾರ್ಡ್ ಬಿಗಿಯಾಗಿ, ಆದರೆ ತಡೆಯಿಲ್ಲದೆ ನುಗ್ಗುವವರೆಗೆ ಗುಂಡಿ ತಿರುಗಿಸಿ. ಈಗ ಗುಂಡಿ ಮುಟ್ಟದೆ ಬಲ ಮೂಲೆಯಲ್ಲಿ ನೋಡಿ. ಅಲ್ಲೂ ಅಷ್ಟೇ ಬಿಗಿ ಇದ್ದರೆ ಹಲಗೆ ಸಮ. ಅಲ್ಲಿ ತೂರದಿದ್ದರೆ ಅಥವಾ ಗಲಗಲ ಅಂದರೆ ಹಲಗೆ ಓರೆ, ಇಲ್ಲವೇ ಬ್ಲೇಡ್ ಓರೆಯಾಗಿ ಕೂತಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪುಗಳಲ್ಲಿ, ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು, ಇರುತ್ತದೆ. ಗುರುತಿನವರಿದ್ದರೆ ಅದರಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆಯಬಹುದು. ಅಡುಗೆಗೆ ಕಾರ್ಡೇ ಸಾಕು.

ಹಲಗೆ ಓರೆಯೋ ಬ್ಲೇಡ್ ಓರೆಯೋ ಎಂದು ತಿಳಿಯಲು ಆಚೆ ಹಲಗೆಯ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಬ್ಲೇಡಿನ ತನಕ ಚಾಚಿ. ಎರಡೂ ಮೂಲೆಯಲ್ಲಿ ಬ್ಲೇಡಿನ ಅಂಚು ಸ್ಕೇಲಿಗೆ ತಾಗುವಂತಿರಬೇಕು. ಒಂದು ಕಡೆ ಏರುಪೇರಿದ್ದರೆ ಬ್ಲೇಡಿನ ಅಡಿಯಲ್ಲಿ ಕಸ ಕೂತಿದೆ ಅಥವಾ ಒಂದು ಬದಿಯ ಸ್ಕ್ರೂ ಸಡಿಲ. ಎರಡೂ ಕಡೆ ಸರಿ ಇದ್ದರೆ ತಪ್ಪು ಈಚೆ ಹಲಗೆಯದು.

ಸ್ಟೀಲ್ ಮಾದರಿಯಲ್ಲಿ ಇನ್ನೊಂದು ಕಾರಣ ಇದೆ. ಹಲಗೆಯನ್ನು ಎರಡು ಬದಿಯಿಂದ ಹಿಡಿಯುವ ಪಿನ್ನುಗಳಲ್ಲಿ ಒಂದು ತನ್ನ ಕಚ್ಚಿನಲ್ಲಿ ಕೂತಿರುವುದಿಲ್ಲ. ಗುಂಡಿಯನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಿದರೆ ಅದು ಟಕ್ ಅಂತ ಕೂರುತ್ತದೆ. ದಪ್ಪ ಬದಲಿಸುವಾಗ ಯಾವತ್ತೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸುವ ಅಭ್ಯಾಸ ಒಳ್ಳೆಯದು. ಆಗ ಸ್ಕ್ರೂವಿನ ಸಡಿಲ ಒಂದೇ ಕಡೆಗೆ ಇರುತ್ತದೆ, ಹೆಚ್ಚುವಾಗ ಹಲಗೆ ಜಗ್ಗುವುದಿಲ್ಲ.

ವಿ ಮಾದರಿಯಲ್ಲಿ ಓರೆ ಬಂದರೆ ತೂರಿಸಿದ ತುಂಡು ಒಂದು ಬದಿ ಪೂರ್ತಿ ಒಳಗೆ ಹೋಗಿಲ್ಲ ಎಂದೇ ಮೊದಲು ಭಾವಿಸಿ.

ನಡುವೆ ದಪ್ಪ, ಅಂಚಿಗೆ ತೆಳು

ಇದು ಒತ್ತಡ. ಪ್ಲಾಸ್ಟಿಕ್ ಹಲಗೆ ಜೋರಾಗಿ ಒತ್ತಿದರೆ ನಡುವೆ ಬಗ್ಗುತ್ತದೆ, ಅಲ್ಲಿ ಸಂದು ಅಗಲವಾಗುತ್ತದೆ. ಬಿಲ್ಲೆ ಅಲ್ಲೇ ದಪ್ಪವಾಗುತ್ತದೆ. ಕೈ ಹಗುರ ಮಾಡಿ. ತರಕಾರಿ ಸರಾಗ ಜಾರುತ್ತಿಲ್ಲ ಎಂದೇ ನಾವು ಒತ್ತುವುದು ಅಲ್ವಾ, ಅದಕ್ಕೆ ಹಲಗೆಯನ್ನು ಒದ್ದೆ ಮಾಡಬೇಕು. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ಆಗಾಗ ಚಿಮುಕಿಸಿ. ನಲ್ಲಿ ಬಿಟ್ಟುಕೊಂಡು ಹೆಚ್ಚುವ ಆಟ ಯೂಟ್ಯೂಬಿನವರಿಗೆ ಸರಿ. ದಿನಾ ನೀರು ಬಾರದ ನಮ್ಮ ಓಣಿಗಳಿಗಲ್ಲ.

ಬಿಲ್ಲೆಯ ಶುರುವಿನ ಭಾಗ ದಪ್ಪ, ಕೊನೆ ತೆಳುವಾಗಿದ್ದರೂ ಕಾರಣ ಕೈಯೇ. ತಳ್ಳುವ ಕೊನೆಯಲ್ಲಿ ಕೈ ಎತ್ತುತ್ತಿದ್ದೀರಿ. ಬ್ಲೇಡ್ ದಾಟಿದ ಮೇಲೆ ಆಚೆ ಹಲಗೆಯ ಮೇಲೂ ಅಷ್ಟೇ ಸಮವಾಗಿ ಒತ್ತಿ ಹೋಗಬೇಕು.

ಪ್ರತಿ ಬಿಲ್ಲೆಯಲ್ಲೂ ಒಂದೇ ಜಾಗದಲ್ಲಿ ಗೆರೆ

ಬಟಾಟೆ ತಿರುಗಿಸಿದರೂ ಗೆರೆ ಸ್ಲೈಸರಿನ ಅದೇ ಜಾಗದಲ್ಲಿ ಬಂದರೆ ಬ್ಲೇಡಿನಲ್ಲಿ ಅಲ್ಲಿ ಚಿಕ್ಕ ಮುಕ್ಕು ಇದೆ. ಬರಿ ಕಣ್ಣಿಗೆ ಕಾಣದಿರಬಹುದು. ಟ್ಯೂಬ್‌ಲೈಟಿನ ಕೆಳಗೆ ಬ್ಲೇಡಿನ ಅಂಚನ್ನು ನೇರ ಕಣ್ಣಿನ ಕಡೆ ಹಿಡಿದು ನೋಡಿ. ಹರಿತ ಅಂಚು ಬೆಳಕು ಹಿಂದಕ್ಕೆ ಕೊಡುವುದಿಲ್ಲ, ಕಪ್ಪಾಗೇ ಕಾಣುತ್ತದೆ. ಎಲ್ಲಿ ಮಿಣುಕ್ ಅಂತ ಚುಕ್ಕಿ ಹೊಳೆಯುತ್ತದೋ ಅಲ್ಲಿ ಮುಕ್ಕು ಅಥವಾ ಮೊಂಡು. ಬಲಿತ ಹಾಗಲಕಾಯಿಯ ಬೀಜ, ತೊಳೆಯದ ಮೂಲಂಗಿಯ ಮೇಲಿನ ಮರಳು, ಮಾವಿನಕಾಯಿಯ ಗೊರಟೆ, ಇವು ಇದರ ಮುಖ್ಯ ಕಾರಣ. ಎರೆ ಮಣ್ಣಿನ ಗಡ್ಡೆ ತರಕಾರಿಗಳನ್ನು ಉಜ್ಜಿ ತೊಳೆಯದೆ ಸ್ಲೈಸರ್ ಮೇಲೆ ಇಡಬೇಡಿ.

ವಿ ಮಾದರಿಯಲ್ಲಿ ಗೆರೆ ಸರಿಯಾಗಿ ನಡುವೆ ಬಂದರೆ ಅದು ಮುಕ್ಕಲ್ಲದೇ ಇರಬಹುದು. ಎರಡು ಬ್ಲೇಡ್ ಸೇರುವ ಮೂಲೆಯಲ್ಲಿ ನಾರು ಸಿಕ್ಕಿಕೊಂಡಿರುತ್ತದೆ. ಬ್ರಷ್ ಮಾಡಿ ಮತ್ತೆ ನೋಡಿ.

ಬಿಲ್ಲೆಯ ಮೇಲೆ ಅಲೆ ಅಲೆ

ಬ್ಲೇಡ್ ನಡುಗುತ್ತಿದೆ. ಸ್ಕ್ರೂ ಸಡಿಲ. ಮರದ ಸೌಟಿನ ಹಿಡಿಯಿಂದ ಬ್ಲೇಡಿನ ಬೆನ್ನ ಮೇಲೆ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ, ಟರ್ ಅಂದರೆ ಬಿಗಿ ಮಾಡಬೇಕು. ಪ್ಲಾಸ್ಟಿಕ್ ಮೈಗೆ ಕೂತ ಸ್ಕ್ರೂವನ್ನು ಪೈಲ್ವಾನನ ಬಲ ಹಾಕಿ ತಿರುಗಿಸಬೇಡಿ, ಮರೆ (ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೀರು) ಹೋದರೆ ಮತ್ತೆ ಕೂರುವುದಿಲ್ಲ. ತಡೆ ಸಿಕ್ಕಲ್ಲಿ ನಿಲ್ಲಿಸಿ. ಸ್ಕ್ರೂ ಬಿಗಿ ಇದ್ದೂ ಅಲೆ ಬಂದರೆ ತಳ್ಳುವಾಗ ನಡುವೆ ತಡೆದು ತಡೆದು ಹೋಗುತ್ತಿದ್ದೀರಿ.

ಸ್ಲೈಸರೇ ಕಟ್ಟೆಯ ಮೇಲೆ ಜಾರುತ್ತಿದ್ದರೂ ಹೀಗಾಗುತ್ತದೆ. ಕಡಪಾ ಕಲ್ಲಿನ ಕಟ್ಟೆಗೆ ಒಗ್ಗರಣೆಯ ಎಣ್ಣೆ ಹತ್ತಿರುತ್ತದೆ, ರಬ್ಬರ್ ಕಾಲು ಅಲ್ಲಿ ಹಿಡಿಯುವುದಿಲ್ಲ. ಹಿಂಡಿದ ಒದ್ದೆ ಬಟ್ಟೆಯನ್ನು ಅಡಿಗೆ ಹಾಕಿ.

ಎಳೆಗಳು ಬಿಡಿ ಆಗುತ್ತಿಲ್ಲ

ಪಚಡಿಗೆ ಸೌತಿಕಾಯಿ, ಮೂಲಂಗಿ, ಗಜ್ಜರಿ ಉದ್ದ ಎಳೆ ಮಾಡಲು ಹಲ್ಲಿನ ಪಟ್ಟಿ ಹಾಕುತ್ತೇವೆ. ಎಳೆಗಳು ಬುಡದಲ್ಲಿ ಅಂಟಿಕೊಂಡೇ ಬರುತ್ತವೆ ಎಂಬ ದೂರಿಗೆ ಕಾರಣ ಸರಳ. ಹಲ್ಲು ಮೊದಲು ತರಕಾರಿಯಲ್ಲಿ ಸೀಳು ಹಾಕುತ್ತದೆ, ಆಮೇಲೆ ಬ್ಲೇಡ್ ಅದನ್ನು ತೆಗೆಯುತ್ತದೆ. ಹಲ್ಲಿನ ಎತ್ತರಕ್ಕಿಂತ ಬಿಲ್ಲೆಯ ದಪ್ಪ ಜಾಸ್ತಿ ಇದ್ದರೆ ಸೀಳು ಪೂರ್ತಿ ಆಗುವುದಿಲ್ಲ. ದಪ್ಪ ಕಡಿಮೆ ಮಾಡಿ. ಒಂದೇ ಬದಿಯ ಎಳೆ ಅಂಟಿದ್ದರೆ ಪಟ್ಟಿ ಆ ಕಡೆ ತಗ್ಗಿದೆ. ಬದಿಯ ಬಿಗಿ ಸ್ಕ್ರೂ ಸಡಿಲಿಸಿ, ಪಟ್ಟಿಯನ್ನು ಒಳಗೆ ಪೂರ್ತಿ ಒತ್ತಿ, ಮತ್ತೆ ಬಿಗಿ ಮಾಡಿ. ಒಂದೇ ಒಂದು ಜೋಡಿ ಎಳೆ ಯಾವಾಗಲೂ ಅಂಟಿ ಬರುತ್ತಿದ್ದರೆ ಅಲ್ಲಿನ ಹಲ್ಲು ಬಾಗಿದೆ ಅಥವಾ ಮುರಿದಿದೆ. ಇಕ್ಕಳದಿಂದ ನೆಟ್ಟಗೆ ಮಾಡಲು ಹೋಗಬೇಡಿ, ಆ ಗಟ್ಟಿ ಉಕ್ಕು ಬಾಗುವುದಕ್ಕಿಂತ ಮುರಿಯುವುದೇ ಜಾಸ್ತಿ. ಮುರಿದ ಚೂರು ಪಚಡಿಯಲ್ಲಿ ಸಿಗುವುದು ಬೇಡ. ಹೊಸ ಪಟ್ಟಿ ತರಿಸಿ.

ಜಾಳಿಗೆ ಚಿಪ್ಸ್ ಬರದೇ ಇರುವುದೂ ಇಲ್ಲಿಗೇ ಸೇರುತ್ತದೆ. ಅಲೆ ಬ್ಲೇಡಿನಲ್ಲಿ ಪ್ರತಿ ಸಲವೂ ಬಟಾಟೆಯನ್ನು ಕಾಲು ಸುತ್ತು ತಿರುಗಿಸಬೇಕು. ತಿರುಗಿಸಿದರೂ ತೂತು ಬೀಳದಿದ್ದರೆ ದಪ್ಪ ಜಾಸ್ತಿ ಇಟ್ಟಿದ್ದೀರಿ. ಚೂರುಚೂರಾದರೆ ಕಡಿಮೆ ಇಟ್ಟಿದ್ದೀರಿ.

ಗುಂಡಿಯ ಮೇಲೆ 2, ಬಿಲ್ಲೆ ಮಾತ್ರ 2 ಅಲ್ಲ

ಹತ್ತು ಬಿಲ್ಲೆ ಒಂದರ ಮೇಲೊಂದು ಜೋಡಿಸಿ, ಮೆಲ್ಲಗೆ ಒತ್ತಿ, ಸ್ಕೇಲಿನಿಂದ ಅಳೆಯಿರಿ. 2 ಮಿಲಿಮೀಟರಿಗೆ ಇಟ್ಟಿದ್ದರೆ 20 ಬರಬೇಕು. ಬರದಿದ್ದರೆ ಗುಂಡಿಯ ಅಂಕಿ ನಂಬಬೇಡಿ, ನಿಮ್ಮದೇ ಗುರುತು ಮಾರ್ಕರ್ ಪೆನ್ನಿನಲ್ಲಿ ಹಾಕಿಕೊಳ್ಳಿ. ಕರಿಯುವ ಬಟಾಟೆ ಚಿಪ್ಸಿಗೆ 1ರಿಂದ 1.5 ಮಿಲಿಮೀಟರ್ ಸರಿ, ಅಂದರೆ ಕಾರ್ಡ್ ಒಂದು ಸಡಿಲವಾಗಿ, ಎರಡು ಬಿಗಿಯಾಗಿ ತೂರುವಷ್ಟು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗಿಸಿ ಡಬ್ಬಿಗೆ ತುಂಬುವ ಚಿಪ್ಸಿಗೆ ಸ್ವಲ್ಪ ದಪ್ಪ ಇರಲಿ, ಇಲ್ಲವಾದರೆ ಒಣಗಿದ ಮೇಲೆ ಮುಟ್ಟಿದರೆ ಪುಡಿ.

ಸ್ಲೈಸರಿನದಲ್ಲದ ದೋಷಗಳು

ಇವುಗಳನ್ನು ಗುರುತಿಸುವುದು ಮುಖ್ಯ. ಏಕೆಂದರೆ ಇಲ್ಲಿ ಎಷ್ಟು ರಿಪೇರಿ ಮಾಡಿದರೂ ಫಲ ಇಲ್ಲ.

ಚಿಪ್ಸ್ ಕೆಂಪಾಗುತ್ತಿವೆ ಎಂಬುದನ್ನೇ ತೆಗೆದುಕೊಳ್ಳಿ. ಒಂದೇ ಚಿಪ್ಸಿನಲ್ಲಿ ಅಂಚು ಕೆಂಪು, ನಡುವೆ ಮೆತ್ತಗೆ ಇದ್ದರೆ ಬಿಲ್ಲೆ ಸಮ ಇಲ್ಲ, ಮೇಲಿನ ಪರೀಕ್ಷೆಗಳಿಗೆ ಹಿಂದಿರುಗಿ. ಇಡೀ ಚಿಪ್ಸ್ ಒಂದೇ ಸಮ ಕಂದು ಬಣ್ಣಕ್ಕೆ ತಿರುಗಿ, ಗರಿಗರಿ ಆಗುವ ಮೊದಲೇ ಕಹಿ ಆದರೆ ಅದು ಬಟಾಟೆ. ತುಂಬಾ ತಣ್ಣಗೆ ಇಟ್ಟ ಬಟಾಟೆಯಲ್ಲಿ ಪಿಷ್ಟದ ಒಂದು ಪಾಲು ಸಕ್ಕರೆ ಆಗುತ್ತದೆ. ಎಣ್ಣೆಗೆ ಬಿದ್ದ ತಕ್ಷಣ ಆ ಸಕ್ಕರೆ ಕೆಂಪಾಗುತ್ತದೆ. ಕೋಲ್ಡ್ ಸ್ಟೋರೇಜಿನ ಬಟಾಟೆಯೂ ಹಾಗೆ, ಮನೆಯ ಫ್ರಿಜ್ಜಿನಲ್ಲಿ ಇಟ್ಟದ್ದೂ ಹಾಗೆ. ಕೆಲವು ದಿನ ಹೊರಗೆ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಅಂಗಡಿಯವರನ್ನು "ಹೊಸ ಮಾಲೇನ್ರೀ?" ಎಂದು ಕೇಳಿ ತರುವುದು ಎಲ್ಲಕ್ಕಿಂತ ಒಳ್ಳೆಯದು.

ಉಳ್ಳಾಗಡ್ಡಿ ಬಿಚ್ಚಿಕೊಂಡು ಬರುತ್ತದೆ, ಪದರ ಜಾರುತ್ತದೆ. ಗದಗ, ಧಾರವಾಡ ಕಡೆಯ ಮುಂಗಾರಿ ಉಳ್ಳಾಗಡ್ಡಿ ಹೊಲದಿಂದ ಹೊಸದಾಗಿ ಬಂದಾಗ ನೀರಿನಂಶ ಜಾಸ್ತಿ, ಪದರಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದಿರುವುದಿಲ್ಲ. ಬೇರಿನ ಗಂಟು ಕತ್ತರಿಸಬೇಡಿ. ಅದು ಎಲ್ಲಾ ಪದರವನ್ನೂ ಹಿಡಿದಿಡುತ್ತದೆ. ಗಾರ್ಡಿನ ಮುಳ್ಳುಗಳನ್ನು ಆ ಗಂಟಿನ ಕಡೆಗೇ ಚುಚ್ಚಿ. ಭಜಿಗೆ, ಗಿರ್ಮಿಟ್ ಮೇಲೆ ಉದುರಿಸಲಿಕ್ಕೆ ಉಳ್ಳಾಗಡ್ಡಿ ಹೆಚ್ಚುವವರು ಇದನ್ನು ಮಾಡಿದರೆ ಅರ್ಧ ತಲೆನೋವು ಕಡಿಮೆ. ಮತ್ತೆ, ಅದೇ ಉಳ್ಳಾಗಡ್ಡಿ ಮೊದಲಿಗಿಂತ ಜಾಸ್ತಿ ಕಣ್ಣು ಉರಿಸುತ್ತಿದ್ದರೆ ಅದು ಮಾತ್ರ ಬ್ಲೇಡಿನ ಕಡೆ ಬೆರಳು ತೋರಿಸುತ್ತದೆ. ಮೊಂಡು ಬ್ಲೇಡ್ ಕೊಯ್ಯುವ ಬದಲು ಜಜ್ಜುತ್ತದೆ, ರಸ ಜಾಸ್ತಿ ಸಿಡಿಯುತ್ತದೆ.

ಬಾಳೆಕಾಯಿ ಹೆಚ್ಚುವಾಗ ಹಲಗೆಗೆ ಹಿಡಿದುಕೊಳ್ಳುವುದು ಅದರ ಅಂಟು. ನೀರಿನಿಂದ ಅದು ಹೋಗುವುದಿಲ್ಲ. ಹಲಗೆಗೆ, ಬ್ಲೇಡಿನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಶುರು ಮಾಡಿ. ಬದನೆಕಾಯಿ ಕಪ್ಪಾಗುವುದು ಗಾಳಿಗೆ. ಕಾರ್ಬನ್ ಉಕ್ಕಿನ ಬ್ಲೇಡ್ ಇದ್ದರೆ ಇನ್ನೂ ಬೇಗ. ಹೆಚ್ಚಿ ನೇರ ಉಪ್ಪು ನೀರಿಗೆ ಬೀಳಿಸಿ.

ಟೊಮ್ಯಾಟೊ ಸಿಪ್ಪೆಯ ಮೇಲೆ ಬ್ಲೇಡ್ ಜಾರುತ್ತಿದ್ದರೆ ಮಾತ್ರ ಎರಡು ಅರ್ಥ. ಅಡ್ಡ ನೇರ ಬ್ಲೇಡಿಗೆ ಮಾಗಿದ ಟೊಮ್ಯಾಟೊ ಎಂದರೆ ಹೊಸದಿದ್ದಾಗಲೂ ಸ್ವಲ್ಪ ಕಷ್ಟವೇ. ವಿ ಬ್ಲೇಡ್ ಅಥವಾ ಗರಗಸದಂಥ ಹಲ್ಲಿರುವ ಬ್ಲೇಡ್ ಸಿಪ್ಪೆಯನ್ನು ಬೇಗ ಹಿಡಿಯುತ್ತದೆ. ಮೊದಲು ಸಲೀಸಾಗಿ ಆಗುತ್ತಿದ್ದದ್ದು ಈಗ ಆಗುತ್ತಿಲ್ಲ ಎಂದಾದರೆ, ಹೌದು, ಬ್ಲೇಡ್ ಮೊಂಡಾಗಿದೆ.

ಕೊನೆಗೂ ಬ್ಲೇಡ್

ಹಲಗೆ ಸಮ, ಸ್ಕ್ರೂ ಬಿಗಿ, ಕೈ ಹಗುರ, ಬಟಾಟೆ ಗಟ್ಟಿ. ಆದರೂ ಬಿಲ್ಲೆಯ ಮೈ ಒರಟು, ಅಂಚು ಹರಿದು ಬರುತ್ತದೆ, ತಳ್ಳಲು ಬಲ ಬೇಕು. ಆಗ ಬ್ಲೇಡ್ ಬಿಚ್ಚಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ನೇರ ಬ್ಲೇಡಿಗೆ ಸಾಮಾನ್ಯವಾಗಿ ಒಂದೇ ಬದಿ ಓರೆ ಇರುತ್ತದೆ. ತಿರುಗಾಮುರುಗಾ ಹಾಕಿದರೆ ಹರಿತ ಬ್ಲೇಡೂ ಹೆಚ್ಚುವುದಿಲ್ಲ. ತೊಳೆಯಲು ಬಿಚ್ಚಿ ಮತ್ತೆ ಹಾಕಿದ ದಿನದಿಂದಲೇ ದೋಷ ಶುರುವಾಗಿದ್ದರೆ ಬೇರೇನೂ ಯೋಚಿಸಬೇಡಿ, ಇದೇ.

ಸೈಕಲ್ ಮೇಲೆ ಸಾಣೆ ಚಕ್ರ ಕಟ್ಟಿಕೊಂಡು ಓಣಿಗೆ ಬರುವವರು ಈಳಿಗೆ, ಕುಡಗೋಲು, ಕತ್ತರಿಗೆ ಒಳ್ಳೆ ಕೆಲಸ ಮಾಡುತ್ತಾರೆ. ಮ್ಯಾಂಡೊಲಿನ್ ಬ್ಲೇಡ್ ಅವರಿಗೆ ಕೊಡಬೇಡಿ. ಇದು ಬಹಳ ತೆಳು. ಒಣ ಚಕ್ರದ ಮೇಲೆ ಕಿಡಿ ಹಾರುವಷ್ಟರಲ್ಲಿ ಅಂಚು ಕಾದು ಹೋಗುತ್ತದೆ. ನೀಲಿ ಬಣ್ಣ ಬಂತು ಎಂದರೆ ಅಲ್ಲಿ ಉಕ್ಕಿನ ಹದ ಹೋಯಿತು, ಮತ್ತೆ ಹರಿತ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಚಕ್ರ ಬ್ಲೇಡಿನ ಅಗಲವನ್ನು ಅಲ್ಲಲ್ಲಿ ತಿನ್ನುತ್ತದೆ. ಅಂಚು ನೇರ ಉಳಿಯುವುದಿಲ್ಲ. ಆಮೇಲೆ ಎಷ್ಟು ಹೊಂದಿಸಿದರೂ ಓರೆ ಬಿಲ್ಲೆಯೇ ಗತಿ.

ಮನೆಯಲ್ಲೇ ಮಾಡುವುದಾದರೆ ನೇರ ಬ್ಲೇಡಿಗೆ ಮಾತ್ರ ಕೈ ಹಾಕಿ. 1000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲಿನ ನುಣುಪಿನ ಅಂಕಿ) ನೀರು ಕಲ್ಲು, ಆಮೇಲೆ ಇದ್ದರೆ 3000 ಅಥವಾ 4000. ಓರೆ ಬದಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿ. ಬಣ್ಣ ಅಂಚಿನ ತನಕ ಸಮವಾಗಿ ಹೋದರೆ ಕೋನ ಸರಿ. ಹಿಂಭಾಗದಲ್ಲಷ್ಟೇ ಹೋದರೆ ಬ್ಲೇಡನ್ನು ಸ್ವಲ್ಪ ಎತ್ತಿ, ಅಂಚಿನಲ್ಲಷ್ಟೇ ಹೋದರೆ ಸ್ವಲ್ಪ ಇಳಿಸಿ. ಇಡೀ ಉದ್ದಕ್ಕೂ ಹಿಂದಿನ ಬದಿಗೆ ಸಣ್ಣ ಮುರುಕು, ಅಂದರೆ ಅಂಚಿನ ಉಕ್ಕು ಮಡಚಿ ಆಗುವ ಒರಟು, ಏಳುವವರೆಗೆ ಎಳೆಯಿರಿ. ಆಮೇಲೆ ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಮೆಲ್ಲಗೆ ಒಂದೆರಡು ಸಲ ಎಳೆದರೆ ಮುರುಕು ಹೋಗುತ್ತದೆ. ಆ ಬದಿಯನ್ನು ಎತ್ತಿ ತಿಕ್ಕಬೇಡಿ. ಪರೀಕ್ಷೆಗೆ ದಿನಪತ್ರಿಕೆ ಸಾಕು. ಹಾಳೆ ಎತ್ತಿ ಹಿಡಿದಾಗ ಬ್ಲೇಡ್ ತಡೆಯಿಲ್ಲದೆ ಇಳಿಯಬೇಕು. ಕಲ್ಲಿನ ಮೇಲೆ ಎಳೆಯುವಾಗ ತೆಳು ಬ್ಲೇಡ್ ಹಿಡಿಯಲು ಸಿಗುವುದಿಲ್ಲ, ಮರದ ಚಿಕ್ಕ ತುಂಡಿಗೆ ಕಚ್ಚು ಹಾಕಿ ಅದರಲ್ಲಿ ಬ್ಲೇಡಿನ ಬೆನ್ನನ್ನು ಸಿಕ್ಕಿಸಿಕೊಳ್ಳಿ.

ವಿ ಬ್ಲೇಡ್, ಹಲ್ಲಿನ ಬ್ಲೇಡ್, ಅಲೆ ಬ್ಲೇಡ್ ಮನೆಯಲ್ಲಿ ಸಾಣೆ ಹಿಡಿಯುವಂಥವಲ್ಲ. ಸೆರಾಮಿಕ್ ಬ್ಲೇಡಿಗೆ ಸಾದಾ ಕಲ್ಲು ತಾಗುವುದೇ ಇಲ್ಲ, ವಜ್ರದ ಪುಡಿ ಇರುವ ಕಲ್ಲೇ ಬೇಕು. ಅದು ಬಿದ್ದರೆ ಮುಕ್ಕಾಗುವುದು ಬೇರೆ.

ತುಕ್ಕು, ಬಿಳಿ ಕಲೆ

ಅಯಸ್ಕಾಂತ ಹಿಡಿಯುತ್ತದೆ, ಹಾಗಾದರೆ ಇದು ಸ್ಟೇನ್‌ಲೆಸ್ ಅಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಬ್ಲೇಡಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕನ್ನು ಅಯಸ್ಕಾಂತ ಹಿಡಿಯುತ್ತದೆ. ಅದಕ್ಕೂ ತುಕ್ಕು ಬರುತ್ತದೆ, ಕಾರ್ಬನ್ ಉಕ್ಕಿಗಿಂತ ನಿಧಾನ ಅಷ್ಟೇ. ಉಪ್ಪಿನಕಾಯಿಗೆ ಮಾವಿನಕಾಯಿ, ನಿಂಬೆ ಹೆಚ್ಚಿದ ಮೇಲೆ ಹುಳಿ, ಉಪ್ಪು ಹಾಗೇ ಬಿಟ್ಟರೆ ಒಂದು ರಾತ್ರಿ ಸಾಕು. ಧಾರವಾಡದ ಮಳೆಗಾಲದಲ್ಲಿ ಸ್ಕ್ರೂವಿನ ಅಡಿ ನೀರು ಆರುವುದೇ ಇಲ್ಲ, ತುಕ್ಕು ಅಲ್ಲಿಂದಲೇ ಶುರು. ತೊಳೆದ ತಕ್ಷಣ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ನಿಲ್ಲಿಸಿ. ಬಹಳ ದಿನ ಎತ್ತಿಡುವುದಾದರೆ ಬ್ಲೇಡಿಗೆ ಕೊಬ್ಬರಿ ಎಣ್ಣೆ ಒಂದು ತೆಳು ಪದರ. ಶೇಂಗಾ ಎಣ್ಣೆ ತಿಂಗಳುಗಟ್ಟಲೆ ಬಿಟ್ಟರೆ ಜಿಗುಟಾಗಿ ಮುಗ್ಗಲು ವಾಸನೆ ಬರುತ್ತದೆ. ತಲೆಗೆ ಹಚ್ಚುವ ಪರಿಮಳದ ಎಣ್ಣೆಯಂತೂ ಬೇಡ.

ಮೇಲ್ಮೈ ತುಕ್ಕಿಗೆ ತಿನ್ನುವ ಸೋಡಾ ನೀರಿನಲ್ಲಿ ಕಲಸಿ ಮೆತ್ತನೆ ಬಟ್ಟೆಯಿಂದ ಉಜ್ಜಿ. ಕಬ್ಬಿಣದ ನಾರು ಹಲಗೆಗೆ ತಾಗಿಸಬೇಡಿ, ಗೀರಾದ ಹಲಗೆಯ ಮೇಲೆ ತರಕಾರಿ ಜಾರುವುದಿಲ್ಲ. ಬಟ್ಟೆ ಬಿಳಿ ಮಾಡುವ ಬ್ಲೀಚ್ ಬಳಸಿದರೆ ಸ್ಟೇನ್‌ಲೆಸ್ ಮೇಲೂ ಚುಕ್ಕಿ ಗುಳಿ ಬೀಳುತ್ತವೆ. ಬೋರ್ ನೀರಿನ ಬಿಳಿ ಪದರಕ್ಕೆ ನಿಂಬೆಹೋಳು ಉಜ್ಜಿ, ಕೂಡಲೇ ತೊಳೆದು ಒರೆಸಿದರೆ ಹೋಗುತ್ತದೆ. ಗುಂಡಿ ತಿರುಗಲು ಬಿಗಿಯಾಗುತ್ತಿದ್ದರೆ ಮರೆಯಲ್ಲೂ ಇದೇ ಪದರ ಕೂತಿರುತ್ತದೆ. ಅಲ್ಲಿ ಬಿಸಿನೀರು, ಬ್ರಷ್, ಆಮೇಲೆ ಒಂದು ಹನಿ ಎಣ್ಣೆ.

ಬಿಡಿಭಾಗ ತರಿಸುವಾಗ

ದುಬಾರಿ ಮಾದರಿಯ ಲಾಭ ಇಲ್ಲೇ ಇರುವುದು. ಅಗ್ಗದ್ದನ್ನು ಎಸೆಯಬೇಕು, ಇದಕ್ಕೆ ಬ್ಲೇಡ್, ಹಲ್ಲಿನ ಪಟ್ಟಿ, ಗಾರ್ಡ್ ಬಿಡಿಯಾಗಿ ಸಿಗುತ್ತವೆ. ಹುಬ್ಬಳ್ಳಿಯ ದುರ್ಗದಬೈಲಿನ ಪಾತ್ರೆ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್. ಮಾದರಿಯ ಹೆಸರು ಒಂದೇ ಇದ್ದರೂ ಅಗಲ ಬೇರೆ ಇರುತ್ತದೆ, ಹಳತು ಹೊಸತು ಆವೃತ್ತಿ ಬೇರೆ ಇರುತ್ತದೆ. ಹಾಗಾಗಿ ಹೆಸರಿನ ಜೊತೆ ಬ್ಲೇಡಿನ ಉದ್ದ, ಅಗಲ, ಎರಡು ಸ್ಕ್ರೂ ತೂತಿನ ನಡುವಿನ ಅಂತರ ಮಿಲಿಮೀಟರಿನಲ್ಲಿ ಅಳೆದುಕೊಂಡೇ ಆರ್ಡರ್ ಮಾಡಿ. ಹೊಸ ಬ್ಲೇಡ್ ಬಂದ ಮೇಲೆ ಕಾರ್ಡ್ ಪರೀಕ್ಷೆ, ಹತ್ತು ಬಿಲ್ಲೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಗುಂಡಿಯ ಮೇಲೆ ನೀವು ಹಾಕಿಕೊಂಡ ಹಳೆ ಗುರುತು ಹೊಸ ಬ್ಲೇಡಿಗೆ ಹೊಂದುವುದಿಲ್ಲ. ಬಿಚ್ಚಿದ ಹಳೆ ಬ್ಲೇಡನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪ್ ಹಚ್ಚಿ, ಮೇಲೆ "ಬ್ಲೇಡ್" ಎಂದು ಬರೆದು ಕಸದ ಗಾಡಿಯವರ ಕೈಗೇ ಹೇಳಿ ಕೊಡಿ.